ಮೋಟಾರು ಹನುಮಯ್ಯನವರೂ ನಾಲ್ಕು ನಿಂಬೆಹಣ್ಣೂ

ಹಳೇ ಪತ್ರಿಕೆ ಮಾರುವವನು ಗಿರಾಕಿಯ ಜಾತಕ ಕೇಳಬೇಕಾಗಿಲ್ಲ. ಅವನ ಹೆಬ್ಬೆರಳು ಯಾವ ಪುಟದಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಸಾಕು. ಮೋಟಾರು ಪತ್ರಿಕೆಗಳ ವಿಷಯದಲ್ಲಂತೂ ಇದು ಬಲು ಸುಲಭ. ಮನೆ ಮುಂದೆ ಗಾಡಿ ನಿಂತಿರುವವನು ರಿಪೇರಿ ಪುಟ ಹುಡುಕುತ್ತಾನೆ. ಗಾಡಿ ಮಾರಬೇಕೆಂದಿರುವವನು ಬೆಲೆಯ ಪುಟ ನೋಡುತ್ತಾನೆ. ಗಾಡಿಯೇ ಇಲ್ಲದವನು ಜಾಹೀರಾತಿನ ಮುಂದೆ ಕೂತುಬಿಡುತ್ತಾನೆ.

ರಾಜಾಜಿನಗರ ಮೂರನೇ ಬ್ಲಾಕಿನ ನನ್ನ ಅಂಗಡಿಗೆ ಚಿಕ್ಕಹನುಮಯ್ಯನವರು ಬರತೊಡಗಿದ್ದು ಅವರು ಇನ್ನೂ ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯೊಂದರ ಹಾಜರಿ ಹಾಕುವ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಕಾಲದಲ್ಲಿ. ಈಗ ಅವರಿಗೆ ಎಪ್ಪತ್ತರ ಹತ್ತಿರ. ಇಷ್ಟು ವರ್ಷಗಳಲ್ಲಿ ಅವರ ಹೆಬ್ಬೆರಳು ಒಮ್ಮೆಯೂ ರಿಪೇರಿ ಪುಟದಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂಬುದು ನನಗೆ ಎಂದೋ ಗೊತ್ತಾಗಿತ್ತು. ಗಿರಾಕಿಯ ಗುಟ್ಟನ್ನು ಗಿರಾಕಿಗೇ ಒಪ್ಪಿಸುವುದು ವ್ಯಾಪಾರದ ಲಕ್ಷಣವಲ್ಲ. ಸುಮ್ಮನಿದ್ದೆ.

ಗೊತ್ತಿಲ್ಲದಿದ್ದದ್ದು ಊರಿಗೆ. ಅವರ ಮನೆಯಿರುವ ಆರ್‌ಪಿಸಿ ಲೇಔಟಿನಲ್ಲಿ ಅವರ ಹೆಸರೇ ಮೋಟಾರು ಹನುಮಯ್ಯ. ಅಲ್ಲಿ ಯಾರಾದರೂ ಗಾಡಿ ಕೊಳ್ಳುವುದಾದರೆ ದಿನ ನೋಡಲು ಪುರೋಹಿತರು, ಗಾಡಿ ನೋಡಲು ಹನುಮಯ್ಯನವರು. ಪಂಚೆ ಎತ್ತಿ ಕಟ್ಟಿಕೊಂಡು ಇಳಿದು ಬರುವರು. ಗಾಡಿಗೆ ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಟಯರಿಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಬಾನೆಟ್ಟಿನ ಹತ್ತಿರ ಕಿವಿಯಿಟ್ಟು ಕಣ್ಣು ಮುಚ್ಚುವರು. ಸುತ್ತ ನಿಂತವರು ಉಸಿರು ಬಿಗಿಹಿಡಿಯುವರು. ಆಮೇಲೆ, ‘ಸ್ವಲ್ಪ ಪೆಟ್ರೋಲ್ ಜಾಸ್ತಿ ಕುಡೀತದೆ, ಆದ್ರೆ ಜಾತಿ ಒಳ್ಳೇದು’ ಎಂದು ತೀರ್ಪು ಬರುವುದು. ಮದುವೆ ಮಾಡಿಸುವ ಪುರೋಹಿತರನ್ನು ‘ನಿಮಗೆ ಎಷ್ಟು ಮದುವೆ ಆಗಿದೆ ಸ್ವಾಮಿ’ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ ಇವರನ್ನೂ ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಉತ್ತರ ಹೇಳುವುದು ಅವರ ಸ್ವಭಾವವೂ ಆಗಿರಲಿಲ್ಲ.

ಅವರ ವಿದ್ಯೆಯೆಲ್ಲ ಪತ್ರಿಕೆಗಳದು, ಅದರಲ್ಲೂ ಜಾಹೀರಾತುಗಳದು. ಬಾಪೂಜಿ ನಗರದ ಗುಜರಿ ಗೋಡೌನಿನಿಂದ ನಾನು ಮೋಟಾರು ಪತ್ರಿಕೆಯ ಕಟ್ಟು ತಂದ ದಿನ ಅವರಿಗೆ ಫೋನು ಹೋಗುವುದು. ಅವರು ಬಸ್ಸು ಹಿಡಿದು ಬರುವರು. ದಾರ ಬಿಚ್ಚಿ, ಮೊದಲ ಪುಸ್ತಕವನ್ನು ಮೂಗಿಗೆ ಹಿಡಿದು, ಆ ಹಳೇ ನುಣುಪು ಕಾಗದದ ವಾಸನೆ ಎಳೆದುಕೊಂಡು ‘ಎಪ್ಪತ್ತರ ದಶಕ’ ಎನ್ನುವರು. ಅವರಿಗೆ ಪ್ರಿಯವಾದ ಕೆಲವು ಪುಟಗಳಿದ್ದವು. ಎಂಜಿನ್ ಆಯಿಲಿನದೊಂದು: ಬಿಳಿ ಕೋಟಿನ ಡಾಕ್ಟರೊಬ್ಬರು ಕಾರಿನ ಬಾನೆಟ್ಟಿಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿರುತ್ತಾರೆ. ಹನುಮಯ್ಯನವರ ಆ ಕಿವಿಗೊಡುವ ಭಂಗಿಯ ಮೂಲ ಅದು. ಸ್ಪಾರ್ಕ್ ಪ್ಲಗ್ಗಿನದೊಂದು: ಬಳೆ ತೊಟ್ಟ ಕೈಯ ಎರಡು ಬೆರಳ ನಡುವೆ ಪ್ಲಗ್ಗು, ವಜ್ರದ ಮೂಗುಬೊಟ್ಟನ್ನು ಹಿಡಿದಂತೆ. ಟಯರಿನ ಮೇಲೆ ಒಂಟಿ ಕಾಲೂರಿದ ಆನೆ. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಸ್ಕೂಟರ್: ಗಂಡ ಮುಂದೆ, ಮಗು ನಡುವೆ ನಿಂತು, ಹೆಂಡತಿ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ತಲೆತುಂಬ ಹೂವು, ಸೆರಗು ಗಾಳಿಗೆ. ಆ ಪುಟ ಅವರ ಮನೆಯಲ್ಲಿ ಈಗಾಗಲೇ ಇತ್ತು, ಆದರೂ ಮತ್ತೆ ಸಿಕ್ಕರೆ ಮತ್ತೆ ಕೊಳ್ಳುತ್ತಿದ್ದರು.

“ನೋಡು ವೀರೇಶಪ್ಪ, ಈ ರಸ್ತೇಲಿ ಒಂದು ನಾಯೀನೂ ಇಲ್ಲ,” ಎಂದಿದ್ದರು ಒಂದು ಸಲ.

ಚಿತ್ರದ ಅಂದವನ್ನು ಹೊಗಳುತ್ತಿದ್ದಾರೆ ಅಂದುಕೊಂಡಿದ್ದೆ.

ಈಚೆಗೆ ಹಳೇ ಜಾಹೀರಾತಿಗೆ ಬೆಲೆ ಬಂದಿದೆ. ಬಸವೇಶ್ವರನಗರದಲ್ಲಿ ಕಾಫಿ ಅಂಗಡಿ ಇಟ್ಟ ಹುಡುಗರು ಗೋಡೆಗೆ ಅದನ್ನೇ ನೇತುಹಾಕುತ್ತಾರೆ. ಪುಸ್ತಕ ಪೂರ್ತಿ ಮಾರಿದರೆ ಸಿಗುವುದಕ್ಕಿಂತ ಒಂದು ಪುಟ ಕಿತ್ತು ಗಾಜಿನ ಕಟ್ಟು ಹಾಕಿಸಿ ಮಾರಿದರೆ ಹೆಚ್ಚು ಸಿಗುತ್ತದೆ. ನಾನು ಹಾಗೆ ಒಂದು ಪುಟಕ್ಕೆ ಬ್ಲೇಡು ಹಾಕಿದ್ದನ್ನು ಹನುಮಯ್ಯನವರು ಕಂಡುಬಿಟ್ಟರು. ಆ ಪುಸ್ತಕವನ್ನು ತೂಗಿ ನೋಡುವಂತೆ ಕೈಯಲ್ಲಿ ಹಿಡಿದು, ಹೋಳಿಗೆಯ ಹೂರಣ ತೆಗೆದುಕೊಂಡು ಕಣಕ ಮಾತ್ರ ಮಾರುತ್ತಿದ್ದೀಯಲ್ಲ, ಇದಕ್ಕೂ ಪೂರ್ತಿ ಬೆಲೆಯೇ ಎಂದು ಕೇಳಿದರು. ನಾನು ಅರ್ಧಕ್ಕೆ ಕೊಟ್ಟೆ. ಹೆಂಡತಿ ಇಂದ್ರಮ್ಮ ಅವರನ್ನು ಜಿಪುಣ ಎಂದು ಬೈಯುವುದರಲ್ಲಿ ಸ್ವಲ್ಪ ಸತ್ಯವಿದೆ ಎಂದು ನಾನೂ ಅಂದುಕೊಂಡದ್ದು ಆಗಲೇ.

ಆ ಬೈಗುಳಕ್ಕೆ ಒಂದು ಇತಿಹಾಸವಿತ್ತು. ಮದುವೆಯಾದ ಹೊಸದರಲ್ಲಿ ಹನುಮಯ್ಯನವರು ಸ್ಕೂಟರ್ ಬುಕ್ ಮಾಡಿದ್ದರು. ಆ ಕಾಲದಲ್ಲಿ ಸ್ಕೂಟರ್ ಎಂದರೆ ವರ್ಷಗಟ್ಟಲೆ ಕಾಯುವ ವ್ರತ. ಕೊನೆಗೆ ಇವರ ಸರದಿ ಬಂತು. ಇಂದ್ರಮ್ಮ ಹಿಂದೆ ಕೂರುವಾಗ ಉಡಲು ಸೀರೆಯನ್ನೂ ಎತ್ತಿಟ್ಟಿದ್ದರಂತೆ. ಹನುಮಯ್ಯನವರು ಆ ಸರದಿಯನ್ನು ಫ್ಯಾಕ್ಟರಿಯ ಇನ್ನೊಬ್ಬರಿಗೆ ಸ್ವಲ್ಪ ಲಾಭ ಇಟ್ಟು ಮಾರಿಬಿಟ್ಟರು. ಮನೆಗೆ ಬಂದು, ಬಾಡಿಗೆ ಮನೆಯ ಅಡ್ವಾನ್ಸಿಗೆ ಆಯಿತು ಬಿಡು ಅಂದರು. ಅಂದಿನಿಂದ ಬಸ್ಸು ತಡವಾದಾಗ, ಮದುವೆಮನೆಯಿಂದ ನಡೆದು ಬರುವಾಗ, ಹೆರಿಗೆ ನೋವಿನಲ್ಲಿ ಆಟೋ ಸಿಗದೆ ನಿಂತಾಗ, ಇಂದ್ರಮ್ಮನ ಬಾಯಲ್ಲಿ ಬರುತ್ತಿದ್ದದ್ದು ಒಂದೇ: ‘ಗಾಡಿ ವಿಷ್ಯ ಎಲ್ಲಾ ಗೊತ್ತು, ಗಂಟು ಬಿಚ್ಚೋದೊಂದು ಗೊತ್ತಿಲ್ಲ.’ ಹನುಮಯ್ಯನವರು ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದರು.

ಹೋದ ವರ್ಷ ಆಷಾಢ ಕಳೆದ ಮೇಲೆ ಒಂದು ಸಂಜೆ ಅವರು ಫೋನಿಲ್ಲದೆ ಬಂದರು. ಕಟ್ಟು ಮುಟ್ಟಲಿಲ್ಲ. ಅಂಗಡಿಯಲ್ಲಿದ್ದ ಗಿರಾಕಿ ಹೋಗುವ ತನಕ ಕಾದು, ಷಟರ್ ಸ್ವಲ್ಪ ಎಳೆಯುವಂತೆ ಸನ್ನೆ ಮಾಡಿದರು.

“ರಂಜಿನಿ ಕಾರ್ ತಗೊಂಡ್ಳು.”

“ಒಳ್ಳೇದಾಯ್ತಲ್ಲ ಹನುಮಯ್ಯನೋರೆ. ನೀವೇ ಆರಿಸಿದ್ದಾ?”

“ನಾನೇ. ಅದೇ ತಪ್ಪಾಗಿದ್ದು.”

ರಂಜಿನಿ ಅವರ ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ಕೆಲಸ, ಅಪ್ಪನ ಮೇಲೆ ಪ್ರಾಣ. ಶುಕ್ರವಾರ ಗಾಡಿ ಕೈಗೆ ಬರುತ್ತದೆ. ನೇರವಾಗಿ ವಿಜಯನಗರದ ಆಂಜನೇಯನ ಗುಡಿ ಮುಂದೆ ಪೂಜೆ. ಪೂಜೆಯಾದ ಮೇಲೆ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಅದರ ಮೇಲೆ ಗಾಡಿ ಉರುಳಿಸುವುದು ಪದ್ಧತಿ. ಸಾಮಾನ್ಯವಾಗಿ ಓಡಿಸಿಕೊಂಡು ಬಂದವರೇ ಅದನ್ನೂ ಮುಗಿಸುತ್ತಾರೆ. ರಂಜಿನಿ ಮಾತ್ರ, ನಿಂಬೆಹಣ್ಣಿನ ಮೇಲೆ ಹತ್ತಿಸುವುದು ಅಪ್ಪನೇ, ಹಿರಿಯರ ಕೈಯಲ್ಲಿ ಗಾಡಿ ಉರುಳಬೇಕು ಎಂದು ಹಟ ಹಿಡಿದಿದ್ದಳು. ಹಿಡಿದು ಸುಮ್ಮನಿರದೆ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದಳು. ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲೇ ಬಂದಿತ್ತು. ಮಗಳು ಕೇಳಿದಾಗ ಹನುಮಯ್ಯನವರು ತಲೆಯಾಡಿಸಿದ್ದರು. ಮೋಟಾರಿನ ವಿಷಯದಲ್ಲಿ ಯಾರು ಏನು ಕೇಳಿದರೂ ತಲೆಯಾಡಿಸಿ ಅಭ್ಯಾಸವಾಗಿತ್ತಲ್ಲ.

“ಓಡಿಸೋಕೆ ಬರಲ್ಲ ಅಂತ ಹೇಳ್ಬಿಡಿ,” ಅಂದೆ.

ಅವರು ನನ್ನ ಮುಖ ನೋಡಿದರು. “ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ನಿಮ್ಮ ಹೆಬ್ಬೆಟ್ಟು ನೋಡ್ಕೊಂಡು ಬಂದಿದೀನಿ.”

ಅವರು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡರು. ಹೇಳುವುದು ಸಾಧ್ಯವಿಲ್ಲ, ಬೇರೆ ದಾರಿ ಹುಡುಕು ಅಂದರು. ವ್ಯಾಪಾರಿಗೆ ಬೇರೆ ದಾರಿ ಎಂದರೆ ಕಷ್ಟವೇನಿಲ್ಲ. ಎಡಗಾಲಿನ ಮಂಡಿಗೆ ಬ್ಯಾಂಡೇಜು ಸುತ್ತಿಕೊಳ್ಳಿ, ಕ್ಲಚ್ ತುಳಿಯೋಕಾಗಲ್ಲ ಅನ್ನಿ, ಮಾನವೂ ಉಳಿಯುತ್ತದೆ, ನಿಂಬೆಹಣ್ಣೂ ಅಳಿಯನ ಪಾಲಾಗುತ್ತದೆ ಎಂದು ಉಪಾಯ ಹೇಳಿದೆ. ಮುಖ ಅರಳಿತು. ದಾರಿಯಲ್ಲೇ ಮೆಡಿಕಲ್ ಅಂಗಡಿಗೆ ಹೋಗಿ ಅಗಲವಾದ ಬ್ಯಾಂಡೇಜು ಕೊಂಡು ಹೋದರು.

ಉಪಾಯ ಒಂದು ದಿನವೂ ಬಾಳಲಿಲ್ಲ. ಇಂದ್ರಮ್ಮ ಹರಳೆಣ್ಣೆ ಬಿಸಿಮಾಡಿ ತಂದು ಮಂಡಿ ತಿಕ್ಕಿದರು. ನೋವೇ ಇಲ್ಲದ ಕಾಲು ಆ ತಿಕ್ಕಿಗೆ ನಿಜವಾಗಿಯೂ ನೋಯತೊಡಗಿತು. ಸಂಜೆ ಅಳಿಯ ಶಶಿಕುಮಾರ್ ಬಂದು, ಮಾವನ ಕಾಲನ್ನು ದಿಂಬಿನ ಮೇಲಿಟ್ಟು, ಚಿಂತೆ ಮಾಡಬೇಡಿ, ಇದು ಆಟೋಮ್ಯಾಟಿಕ್ ಗಾಡಿ, ಇದರಲ್ಲಿ ಕ್ಲಚ್ಚೇ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ ಎಂದು ಸಮಾಧಾನ ಹೇಳಿದ. ಅಂಥ ಗಾಡಿಯನ್ನು ಆರಿಸಿದವರು ಹನುಮಯ್ಯನವರೇ. ಅದನ್ನು ನನಗೆ ಹೇಳುವಾಗ ಅವರ ಧ್ವನಿಯಲ್ಲಿ ನನ್ನ ಬಗ್ಗೆ ಸ್ವಲ್ಪ ಅಸಮಾಧಾನವಿತ್ತು. ಬಲಗಾಲಿಗೆ ಕಟ್ಟು ಅನ್ನಬೇಕಾಗಿತ್ತು, ನೀನೂ ಹಳೇ ಪತ್ರಿಕೆಯಲ್ಲೇ ಉಳಿದುಬಿಟ್ಟೆ ಎಂದರು.

ಉಳಿದದ್ದು ಒಂದೇ ದಾರಿ, ಕಲಿಯುವುದು. ಕಾಗದದ ಕಟ್ಟು ಸಾಗಿಸಲು ನನ್ನ ಹತ್ತಿರ ಒಂದು ಹಳೇ ವ್ಯಾನ್ ಇದೆ. ಅದಕ್ಕೆ ಕ್ಲಚ್ಚೂ ಇದೆ, ಗೇರೂ ಇದೆ, ಇನ್ನೂ ಏನೇನೋ ಶಬ್ದಗಳಿವೆ. ಭಾನುವಾರ ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಕೆಂಗೇರಿ ದಾಟಿ ಹೊಸ ಬಡಾವಣೆಯ ಕಡೆ ಹೋದೆ. ಅಲ್ಲಿ ರಸ್ತೆ ಹಾಕಿ ವರ್ಷಗಳಾದರೂ ಮನೆಗಳಿನ್ನೂ ಎದ್ದಿಲ್ಲ. ಸೈಟುಗಳ ತುಂಬ ಪಾರ್ಥೇನಿಯಂ. ಕಣ್ಣು ಹಾಯುವಷ್ಟು ದೂರ ನರಪಿಳ್ಳೆಯಿಲ್ಲ.

“ಜಾಹೀರಾತಿನ ರಸ್ತೆ ಇದ್ದಂಗಿದೆ ನೋಡಿ,” ಅಂದೆ, ಧೈರ್ಯ ಬರಲೆಂದು.

ಅವರು ಚಾಲಕನ ಸೀಟಿನಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಸಮನಾಗಿ ಹಿಡಿದರು. ಹಾಗೆಯೇ ಫೋಟೋ ತೆಗೆದರೆ ಯಾವ ಕಂಪನಿಯಾದರೂ ಜಾಹೀರಾತಿಗೆ ಹಾಕಿಕೊಳ್ಳಬಹುದಿತ್ತು. ಕ್ಲಚ್ ಪ್ಲೇಟು ಎಂಜಿನ್ನಿಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ನನಗೆ ವಿವರಿಸಿದರು, ಚೆನ್ನಾಗಿಯೇ ವಿವರಿಸಿದರು. ಆಮೇಲೆ ಕ್ಲಚ್ ಬಿಟ್ಟರು. ವ್ಯಾನು ಕಪ್ಪೆಯಂತೆ ನೆಗೆದು ನಿಂತಿತು. ಮತ್ತೆ ಬಿಟ್ಟರು, ಮತ್ತೆ ನೆಗೆಯಿತು. ಹೀಗೆ ಕುಪ್ಪಳಿಸುತ್ತ ಒಂದು ಅಡ್ಡರಸ್ತೆ ದಾಟಿದ ಮೇಲೆ ಕ್ಲಚ್ ಹಿಡಿತಕ್ಕೆ ಬಂತು. ವ್ಯಾನು ತಾನಾಗಿ ಸಾಗಿತು. ನಾನು ಶಹಬ್ಬಾಸ್ ಅನ್ನುವಷ್ಟರಲ್ಲಿ ಪಾರ್ಥೇನಿಯಮ್ಮಿನ ಮರೆಯಿಂದ ಒಂದು ಮೇಕೆ ಮರಿ ರಸ್ತೆಗೆ ಬಂತು. ದೂರವಿತ್ತು, ಬಹಳ ದೂರ. ಬ್ರೇಕು ಒತ್ತಿ ಒಂದು ಬೀಡಿ ಸೇದಿ ಮುಗಿಸುವಷ್ಟು ಸಮಯವಿತ್ತು.

ಹನುಮಯ್ಯನವರು ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಮುಖ ಮುಚ್ಚಿಕೊಂಡರು.

ನಾನು ಬಾಗಿ ಕೈಬ್ರೇಕು ಎಳೆದೆ. ವ್ಯಾನು ಮೋರಿಯ ಅಂಚಿಗೆ ಮೂಗು ತಾಗಿಸಿ ನಿಂತಿತು. ಮೇಕೆ ಮರಿ ನಮ್ಮನ್ನು ನೋಡಿ, ಹಾಕಿದ ಸೊಪ್ಪನ್ನು ನಿರಾಕರಿಸಿದಂತೆ ಮುಖ ತಿರುಗಿಸಿ ಹೊರಟುಹೋಯಿತು. ಅವರು ಕೈ ಇಳಿಸಲಿಲ್ಲ. ಬೆರಳ ಸಂದಿಯಿಂದಲೇ ಕೇಳಿದರು: “ಹೋಯ್ತಾ?”

ಆಮೇಲೆ, ವ್ಯಾನಿನಲ್ಲೇ ಕೂತು, ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದರು. ಸ್ಕೂಟರಿನ ಸರದಿ ಬರುವ ಸ್ವಲ್ಪ ಮುಂಚೆ ಫ್ಯಾಕ್ಟರಿಯ ಮೈದಾನದಲ್ಲಿ ಸ್ನೇಹಿತರ ಸ್ಕೂಟರಿನಲ್ಲಿ ಕಲಿಯಲು ಹೊರಟಿದ್ದರಂತೆ. ಮೂಲೆಯಲ್ಲಿ ಹೊಸ ಷೆಡ್ಡಿನ ಕೆಲಸ ನಡೆದಿತ್ತು. ಗಾಡಿ ಹಿಡಿತ ತಪ್ಪಿ ಮರಳಿನ ಗುಡ್ಡೆಗೆ ನುಗ್ಗಿತು. ಗುಡ್ಡೆಯ ಆಚೆ ಗಾರೆ ಕೆಲಸದವಳ ಮಗು ಆಡುತ್ತ ಕೂತಿತ್ತು. ಮಗುವಿಗೆ ಒಂದು ತರಚುಗಾಯವೂ ಆಗಲಿಲ್ಲ. ತಾಯಿಗೆ ಅದು ಗೊತ್ತಾಗುವ ತನಕ ಅವಳು ಕೂಗಿದ ಕೂಗು ಮಾತ್ರ ಇವರ ಕಿವಿಯಲ್ಲಿ ಉಳಿಯಿತು. ಸರದಿಯ ಕಾಗದ ಬಂದ ದಿನವೇ ಮಾರಿದರು. ಅಡ್ವಾನ್ಸಿನ ಮಾತೆಲ್ಲ ಆಮೇಲೆ ಹುಟ್ಟಿದ್ದು. ಪತ್ರಿಕೆಯೊಳಗಿನ ಗಾಡಿ ಯಾರಿಗೂ ಗುದ್ದುವುದಿಲ್ಲ, ಅದಕ್ಕೆ ಅದು ಇಷ್ಟ ಎಂದರು. ಇದನ್ನು ಹೇಳುವಾಗ ಅವರು ನಾಚಿಕೊಳ್ಳಲಿಲ್ಲ. ತೂಕದ ಕಟ್ಟು ಇಳಿಸಿದವರ ಹಾಗೆ ಭುಜ ಆಡಿಸಿಕೊಂಡರು.

ಇಷ್ಟಾದ ಮೇಲೆ ವಿಷಯ ಬರೀ ಮಾನದ್ದಾಗಿ ಉಳಿಯಲಿಲ್ಲ. ಗುಡಿ ಮುಂದಿನ ಬೀದಿ ಅಗಲ ಎಷ್ಟೆಂದು ನನಗೆ ಗೊತ್ತು. ಶುಕ್ರವಾರ ಅಲ್ಲಿ ಎಷ್ಟು ಜನ ಸೇರುತ್ತಾರೆಂದೂ ಗೊತ್ತು. ಕೈ ಬಿಟ್ಟು ಮುಖ ಮುಚ್ಚಿಕೊಳ್ಳುವವರನ್ನು ಆ ಜನರ ಎದುರು ಕೂರಿಸುವುದೆಂದರೆ ಏನು? ಮಗಳಿಗೆ ಹೇಳಿಬಿಡಿ, ಇಲ್ಲದಿದ್ದರೆ ನಾನೇ ಹೇಳುತ್ತೇನೆ ಅಂದೆ. ಅವರು ನನ್ನ ಕೈ ಹಿಡಿದು, ತಾವೇ ಹೇಳುವುದಾಗಿ ಮಾತು ಕೊಟ್ಟರು. ಸೋಮವಾರ ಫೋನು ಮಾಡಿದೆ, ಮಗಳು ಆಫೀಸಿನಲ್ಲಿದ್ದಾಳೆ ಅಂದರು. ಮಂಗಳವಾರ, ಮನೆ ತುಂಬ ನೆಂಟರು. ಬುಧವಾರ, ನಿದ್ದೆ ಬರುತ್ತಿಲ್ಲ ಅಂದರು. ಗುರುವಾರ ಅವರೇ ಫೋನು ಮಾಡಿದರು.

“ನಾಳೆ ನೀನೂ ಬಾ ವೀರೇಶಪ್ಪ. ಆದ್ರೆ ಗಾಡಿ ಮುಂದೆ ಮಾತ್ರ ನಿಂತ್ಕೋಬೇಡ.”

ಹೇಳಿಲ್ಲವೆಂದು ಅದರಿಂದಲೇ ತಿಳಿಯಿತು. ರಂಜಿನಿಯ ನಂಬರು ನನ್ನ ಹತ್ತಿರವಿರಲಿಲ್ಲ, ನಾಳೆ ಪೂಜೆಗೆ ಮುಂಚೆಯೇ ಹೋಗಿ ಅವಳಿಗೆ ಹೇಳಿಬಿಡೋಣ ಅಂದುಕೊಂಡೆ.

ಶುಕ್ರವಾರ ನಾನು ಹೋಗುವ ಹೊತ್ತಿಗೆ ಪೂಜೆ ಮುಗಿಯುತ್ತ ಬಂದಿತ್ತು. ಬಿಳೀ ಗಾಡಿ, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಒಡೆದ ಬೂದುಗುಂಬಳ ಒಂದು ಪಕ್ಕದಲ್ಲಿ. ಲೇಔಟಿನ ಅರ್ಧ ಜನ ಬಂದಿದ್ದರು, ಬಂದವರೆಲ್ಲ ಮೊಬೈಲು ಎತ್ತಿಕೊಂಡಿದ್ದರು. ಗಾಡಿಯ ಮೂತಿಗೆ ಎದುರಾಗಿ, ಕೆಲವೇ ಮಾರು ದೂರದಲ್ಲಿ, ಹೂವಿನಜ್ಜಿಯೊಬ್ಬಳು ಹಲಗೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳ ಮಗ್ಗುಲಲ್ಲಿ ಮೊಮ್ಮಗಳು, ಇನ್ನೂ ಸರಿಯಾಗಿ ನಡೆಯಲು ಬಾರದ ಕೂಸು, ಉದುರಿದ ಹೂವಿನ ಎಸಳು ಹೆಕ್ಕುತ್ತಿತ್ತು. ಯಾರೋ ಸ್ವಲ್ಪ ಸರಿಯಮ್ಮ ಎಂದದ್ದಕ್ಕೆ ಅಜ್ಜಿ, ನಾಲ್ಕು ನಿಂಬೆಹಣ್ಣಿಗೆ ನಿಮ್ಮ ಗಾಡಿ ಎಷ್ಟು ದೂರ ಬಂದೀತು, ದಿನಾ ನೋಡುತ್ತೇನೆ, ಓಡಿಸಿ ಎಂದಳು.

ಹನುಮಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಚಾಲಕನ ಸೀಟಿನಲ್ಲಿ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ಶಶಿಕುಮಾರ್ ಕಿಟಕಿಯಿಂದ ಬಾಗಿ ಗಾಡಿ ಸ್ಟಾರ್ಟ್ ಮಾಡಿಸಿ, ಗೇರಿನ ಕಡ್ಡಿಯನ್ನು ಮುಂದಕ್ಕೆ ಹೋಗುವಂತೆ ತಾನೇ ಇಟ್ಟು, ಬ್ರೇಕಿನಿಂದ ಕಾಲು ಎತ್ತಿದರೆ ಸಾಕು, ಅದೇ ಹೋಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ ಎಂದು ವಿವರಿಸಿದ. ಹನುಮಯ್ಯನವರು ತಲೆಯಾಡಿಸಿದರು. ಪೂಜಾರಿ ಕೈಯಾಡಿಸಿದರು. ಗಾಡಿ ಅಲ್ಲಾಡಲಿಲ್ಲ.

ನಾನು ಪಕ್ಕದಿಂದ ಬಗ್ಗಿ ನೋಡಿದೆ. ಅವರ ಎರಡೂ ಕಾಲುಗಳು ಒಂದರ ಮೇಲೊಂದು ಬ್ರೇಕಿನ ಮೇಲಿದ್ದವು. ಪಂಚೆಯ ಅಂಚು ಗಡಗಡ ನಡುಗುತ್ತಿತ್ತು. ಆ ಕಾಲು ಒಂದಿಷ್ಟು ಜಾರಿದರೆ ಗಾಡಿ ಹೊರಡುತ್ತದೆ. ಹೊರಟ ಮೇಲೆ ಕೈ ಎಲ್ಲಿಗೆ ಹೋಗುತ್ತದೆಂದು ಆ ಜನರಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅವರ ಕಣ್ಣು ಹೂವಿನ ಎಸಳು ಹೆಕ್ಕುವ ಕೂಸಿನ ಮೇಲೆ ನೆಟ್ಟಿತ್ತು.

“ಮಾವ, ಕಾಲ್ ಎತ್ತಿ ಅಷ್ಟೇ,” ಅಂದ ಶಶಿಕುಮಾರ್.

“ಇದನ್ನ ಆಫ್ ಮಾಡೋದು ಹೆಂಗಪ್ಪ?”

ಅಳಿಯ ನಕ್ಕು ಸುತ್ತಲಿನವರಿಗೆ, ಮಾವ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದ.

ಆಗ ಹನುಮಯ್ಯನವರು, ಟೈಮ್ ಆಫೀಸಿನಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು: “ನನಗೆ ಗಾಡಿ ಓಡಿಸೋಕೆ ಬರಲ್ಲ.”

ಇಡೀ ಬೀದಿ ನಕ್ಕಿತು. ಹನುಮಯ್ಯನವರ ಎದುರುಮನೆಯ ಫಕೀರೇಶ, ಮೋಟಾರು ಹನುಮಯ್ಯನವರಿಗೇ ಓಡಿಸಲು ಬರುವುದಿಲ್ಲವಂತೆ, ಇನ್ನು ಪೂಜಾರಿಗಳು ಮಂತ್ರ ಬರುವುದಿಲ್ಲ ಅನ್ನುತ್ತಾರೆ ಎಂದು ಕಿಚಾಯಿಸಿದ. ಪೂಜಾರಿಗಳೂ ನಕ್ಕರು, ಸ್ವಲ್ಪ ತಡವಾಗಿ. ದೊಡ್ಡವರ ವಿನಯ ನೋಡಿ ಕಲಿಯಬೇಕು ಎಂದಳು ಒಬ್ಬ ಹೆಂಗಸು. ಹನುಮಯ್ಯನವರು ಅದನ್ನೇ ಇನ್ನೊಮ್ಮೆ ಹೇಳಿದರು. ಇನ್ನೂ ಜೋರಾಗಿ ನಕ್ಕರು. ಮನುಷ್ಯ ಜೀವಮಾನದಲ್ಲಿ ಒಮ್ಮೆ ಬಾಯಿಬಿಟ್ಟು ನಿಜ ಹೇಳಿದರೆ ಕೊಳ್ಳುವವರೇ ಇಲ್ಲ.

ನಕ್ಕಷ್ಟೂ ಆ ಕಾಲಿನ ನಡುಕ ಹೆಚ್ಚುತ್ತಿತ್ತು. ನಾನು ಹೂವಿನಜ್ಜಿಯ ಹತ್ತಿರ ಹೋದೆ. ಏಳು ಎಂದರೆ ಏಳುವವಳಲ್ಲ. ಕೂತ ವ್ಯಾಪಾರಿಯನ್ನು ಎಬ್ಬಿಸುವುದಕ್ಕೆ ಇರುವುದು ಒಂದೇ ಮಾತು. ಬುಟ್ಟಿ ಪೂರ್ತಿ ನನಗೆ, ಆ ಕಂಬದ ಹತ್ತಿರ ಬಂದು ಅಳೆದುಕೊಡು ಅಂದೆ. ಅಜ್ಜಿ ಬುಟ್ಟಿಯನ್ನು ಒಂದು ಕಂಕುಳಿಗೆ, ಕೂಸನ್ನು ಇನ್ನೊಂದು ಕಂಕುಳಿಗೆ ಏರಿಸಿಕೊಂಡು ಎದ್ದಳು. ಎದ್ದವಳೇ ಮೊಳಕ್ಕೆ ಐದು ರೂಪಾಯಿ ಏರಿಸಿದಳು. ಅಂಥ ಹೊತ್ತಿನಲ್ಲೂ ನಾನು ಎರಡು ರೂಪಾಯಿ ಇಳಿಸಿದೆನೆಂಬುದು ಬೇರೆ ಮಾತು.

ತಿರುಗಿ ನೋಡಿದಾಗ ಇಂದ್ರಮ್ಮ ಕಿಟಕಿಯ ಹತ್ತಿರ ನಿಂತಿದ್ದರು. ಜನ ನಗುತ್ತಿದ್ದರು, ಅವರೊಬ್ಬರು ನಗಲಿಲ್ಲ. ಗಂಡನ ಮುಖ ನೋಡಿದರು, ಕಾಲು ನೋಡಿದರು.

“ನಿಜ್ವಾಗ್ಲೂ ಬರಲ್ವೇನ್ರೀ?”

“ಇಲ್ಲ ಕಣೇ.”

“ಮತ್ತೆ ಆವತ್ತು ಸ್ಕೂಟರು?”

“ಭಯ ಆಯ್ತು. ಮಾರ್ಬಿಟ್ಟೆ.”

ಇಂದ್ರಮ್ಮ ಕಿಟಕಿಯ ಅಂಚು ಹಿಡಿದುಕೊಂಡರು. ಸುತ್ತಲಿನವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

“ಇಷ್ಟು ವರ್ಷ ಜಿಪುಣ ಜಿಪುಣ ಅಂತ ಬೈಕೊಂಡು ಬಂದ್ನಲ್ರೀ. ಒಂದಿನಾನಾದ್ರೂ ಬಾಯಿ ಬಿಡಬಾರ್ದಿತ್ತಾ?”

“ಪುಕ್ಕಲ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು.”

ಇಂದ್ರಮ್ಮ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು, ಊಟಕ್ಕೆ ಕೂತ ಮಕ್ಕಳಿಗೆ ಒರೆಸುವ ಹಾಗೆ. ಆಮೇಲೆ ಮಗಳ ಕಡೆ ತಿರುಗಿದರು. “ಬಾರೇ ಇಲ್ಲಿ. ನಿಮ್ಮಪ್ಪನ ಕಾಲು ಸೋಲ್ತಾ ಇದೆ.”

ರಂಜಿನಿಯ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತ್ತು. ಅವಳು ಆಚೆ ಬಾಗಿಲಿನಿಂದ ಒಳಗೆ ಕೂತು, ಗೇರಿನ ಕಡ್ಡಿ ಸರಿಸಿ, ಕೈಬ್ರೇಕು ಎಳೆದು, ಎಂಜಿನ್ ನಿಲ್ಲಿಸಿದಳು. ಇನ್ನು ಕಾಲು ತೆಗೆಯಪ್ಪ ಅಂದಳು. ಅವರು ತೆಗೆಯಲಿಲ್ಲ. ಗಾಡಿ ಹೋಗುವುದಿಲ್ಲವೇ ಎಂದು ಕೇಳಿದರು. ಹೋಗುವುದಿಲ್ಲ ಅಂದಳು. ಆಣೆ ಮಾಡು ಅಂದರು. ಅವಳು ಆಣೆ ಮಾಡಿದ ಮೇಲೆ ಒಂದು ಕಾಲು ತೆಗೆದರು, ನೋಡಿದರು, ಆಮೇಲೆ ಇನ್ನೊಂದು. ಇಳಿದಾಗ ನಿಲ್ಲಲು ಶಶಿಕುಮಾರನ ಭುಜ ಬೇಕಾಯಿತು. ಅವನ ಮುಖ ಈಗ ಮಾವನಿಗಿಂತ ಬಿಳುಪಾಗಿತ್ತು. ಗೇರಿನ ಕಡ್ಡಿ ಇಟ್ಟದ್ದು ತಾನೇ ಎಂಬುದು ಅವನಿಗೆ ಆಗ ನೆನಪಾಗಿರಬೇಕು.

ಹನುಮಯ್ಯನವರನ್ನೂ ಇಂದ್ರಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ರಂಜಿನಿ ಗಾಡಿ ಉರುಳಿಸಿದಳು. ಚಟ್, ಚಟ್, ಚಟ್. ಮೂರು ಒಡೆದವು. ಹಿಂದಿನ ಎಡಗಡೆಯದು ಚಕ್ರಕ್ಕೆ ಸಿಗದೆ ಜಾರಿ, ಮೋರಿಯ ಕಡೆಗೆ ಉರುಳಿ, ಕಲ್ಲಿಗೆ ತಾಗಿ ನಿಂತಿತು. ಜನರಲ್ಲಿ ಗುಸುಗುಸು ಎದ್ದಿತು. ಅಪಶಕುನ ಅಂದರು ಒಬ್ಬರು. ರಿವರ್ಸ್ ತೆಗೆದುಕೊಂಡು ಇನ್ನೊಮ್ಮೆ ಹತ್ತಿಸಿ ಅಂದರು ಪೂಜಾರಿಗಳು. ಹಿಂದಕ್ಕೆ ಹೋದರೆ ಇನ್ನೂ ಕೆಟ್ಟದ್ದು ಅಂದ ಫಕೀರೇಶ. ಮಾತು ಎಲ್ಲೂ ಇತ್ಯರ್ಥವಾಗದೆ, ಅಭ್ಯಾಸಬಲದಿಂದ, ಎಲ್ಲರೂ ಹಿಂದಿನ ಸೀಟಿನ ಕಡೆಗೇ ನೋಡಿದರು. ಗಾಡಿ ಓಡಿಸಲು ಬಾರದವರೆಂದು ಈಗಷ್ಟೇ ಗೊತ್ತಾಗಿದ್ದರೂ ಮೋಟಾರಿನ ವಿಷಯಕ್ಕೆ ಆ ಲೇಔಟಿಗೆ ಬೇರೆ ಯಾರಿದ್ದರು?

ಹನುಮಯ್ಯನವರು ಬಾಗಿಲು ತೆರೆದು ಇಳಿದರು. ಮೋರಿಯ ಹತ್ತಿರ ಹೋಗಿ ನಿಂಬೆಹಣ್ಣನ್ನು ಎತ್ತಿ ತಂದು, ಗಾಡಿಯ ಹಿಂದೆ ರಸ್ತೆಯ ಮೇಲಿಟ್ಟರು. ಪಂಚೆಯ ಅಂಚು ಎತ್ತಿ ಹಿಡಿದು, ಚಪ್ಪಲಿಯ ಹಿಮ್ಮಡಿಯಿಂದ ಒಂದೇ ತುಳಿತಕ್ಕೆ ಅದನ್ನು ಅಪ್ಪಚ್ಚಿ ಮಾಡಿದರು. ರಸ ಫಕೀರೇಶನ ಪ್ಯಾಂಟಿಗೂ ಹಾರಿತು.

“ಇಷ್ಟು ಬರುತ್ತೆ ನನಗೆ,” ಅಂದರು.

ಈ ಸಲ ಯಾರೂ ನಗಲಿಲ್ಲ, ಪೂಜಾರಿಗಳು ಆಯಿತೆಂದು ತಲೆಯಾಡಿಸಿ ತಟ್ಟೆ ಚಾಚಿದರು. ಇಂದ್ರಮ್ಮ ಒಳಗೆ ಸರಿದು ಜಾಗ ಬಿಟ್ಟರು. ಹನುಮಯ್ಯನವರು ಹತ್ತಿ ಕೂತು ಬಾಗಿಲು ಎಳೆದುಕೊಂಡ ಮೇಲೆ, ಮುಂದಿನ ಸೀಟಿನ ಬೆನ್ನು ಹಿಡಿದು ಕತ್ತು ಚಾಚಿದರು.

“ಹೊರಡ್ಲಾ ಅಪ್ಪ?”

“ತಡಿ. ಮುಂದೆ ನೋಡು ಮೊದ್ಲು.”

ಮುಂದೆ, ಖಾಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು, ಹೂವಿನಜ್ಜಿ ಮೊಮ್ಮಗಳ ಸಮೇತ ತನ್ನ ಹಲಗೆಯ ಮೇಲೆ ಆಗಲೇ ಮತ್ತೆ ಕೂತಾಗಿತ್ತು. ರಂಜಿನಿ ಇಳಿದು ಹೋಗಿ ಕೂಸನ್ನು ಎತ್ತಿಕೊಳ್ಳುವವರೆಗೂ ಹನುಮಯ್ಯನವರು ಆ ಸೀಟಿನ ಬೆನ್ನನ್ನು ಬಿಡಲಿಲ್ಲ.